ನಂಬಿಕೆಯ ಗಂಟು: ಅದು ಏಕೆ ಬಿಚ್ಚುವುದಿಲ್ಲ, ಹೇಗೆ ಬಿಚ್ಚುತ್ತದೆ



ನಮ್ಮ ವಾಚನಾಲಯದ ಮೇಜಿನ ಸುತ್ತ ವಾದ ನಡೆಯುವುದು ಹೊಸದಲ್ಲ. ಪಾಳಿ ಮುಗಿಸಿ ಬಂದವರೊಬ್ಬರು ಒಂದು ಮಾತು ಎತ್ತುತ್ತಾರೆ. ಇನ್ನೊಬ್ಬರು ಅದನ್ನು ಅಲ್ಲಗಳೆಯುತ್ತಾರೆ. ಬಾಗಿಲು ಹಾಕುವ ಹೊತ್ತಿಗೆ ಇಬ್ಬರೂ ಮೊದಲಿಗಿಂತ ಗಟ್ಟಿಯಾಗಿ ತಮ್ಮ ತಮ್ಮ ಮಾತನ್ನೇ ಹಿಡಿದುಕೊಂಡು ಖೋಲಿಗೆ ಹೋಗುತ್ತಾರೆ. ಇಷ್ಟೆಲ್ಲ ಕೇಳಿದ ಮೇಲೂ ಮನುಷ್ಯನ ಮನಸ್ಸು ಏಕೆ ಅಲುಗುವುದಿಲ್ಲ? ಹಾಗಾದರೆ ಅದು ಎಂದೂ ಅಲುಗುವುದೇ ಇಲ್ಲವೇ? ಅಲುಗುವುದಾದರೆ ಹೇಗೆ? ಈ ಮೂರು ಪ್ರಶ್ನೆಗಳನ್ನು ಈ ಸಲದ ಅಭ್ಯಾಸಕ್ಕೆ ಎತ್ತಿಕೊಂಡಿದ್ದೇವೆ.

ನಾವು ಪಂಡಿತರಲ್ಲ. ಮೆಟ್ರಿಕ್ ಪಾಸಾಗಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವವರು. ಓದಿ ತಿಳಿದದ್ದನ್ನೂ ಪೆಟ್ಟು ತಿಂದು ತಿಳಿದದ್ದನ್ನೂ ಸೇರಿಸಿ ಬರೆದಿದ್ದೇವೆ.

1. ಗಣೇಶಖಿಂಡದ ಪಾಠ

ಖಡಕಿಗೆ ಹತ್ತಿರದ ಗಣೇಶಖಿಂಡ ರಸ್ತೆಯಲ್ಲಿ ನಾವೆಲ್ಲ ಓಡಾಡಿದ್ದೇವೆ. ಇಂದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವಾಗಿರುವುದು ಹಿಂದೆ ಮುಂಬಯಿ ಗವರ್ನರರ ಬಂಗಲೆಯಾಗಿತ್ತು. ನಮ್ಮ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಅದು ಪುಣೆಗೂ ಬಂತು. 1897ರ ಫೆಬ್ರವರಿಯಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ತಂದಿತು. ಪುಣೆಯ ಪ್ಲೇಗ್ ಸಮಿತಿಗೆ ರ್‍ಯಾಂಡ್ ಎಂಬ ಅಧಿಕಾರಿ ಮುಖ್ಯಸ್ಥನಾದ. ಗೋರಾ ಸಿಪಾಯಿಗಳು ಮನೆ ಮನೆ ಹೊಕ್ಕು ಹುಡುಕಿದರು. ದೇವರ ಕೋಣೆ, ಅಡಿಗೆಯ ಮನೆ ಎಂಬ ಭೇದ ಉಳಿಯಲಿಲ್ಲ. ರೋಗಿಗಳನ್ನು ಆಸ್ಪತ್ರೆಗೂ ಮನೆಯವರನ್ನು ಬೇರೆ ಶಿಬಿರಕ್ಕೂ ಸಾಗಿಸಿದರು, ಸಾಮಾನುಗಳನ್ನು ಸುಟ್ಟರು. ರೋಗ ಹರಡದಂತೆ ತಡೆಯುವುದೇ ಇದರ ಉದ್ದೇಶವಾಗಿತ್ತು. ಆದರೆ ಜನ ಏನು ಮಾಡಿದರು? ರೋಗಿಗಳನ್ನು ಅಡಗಿಸಿಟ್ಟರು. ಆಸ್ಪತ್ರೆಗೆ ಹೋದವರನ್ನು ಅಲ್ಲಿ ಕೊಲ್ಲುತ್ತಾರೆ ಎಂಬ ಸುದ್ದಿಯನ್ನು ನಂಬಿದರು. 1897ರ ಜೂನ್ 22ರ ರಾತ್ರಿ ರಾಣಿಯ ಆಳಿಕೆಯ ಅರವತ್ತನೆಯ ವರ್ಷದ ಸಮಾರಂಭ ಮುಗಿಸಿ ಬಂಗಲೆಯಿಂದ ಮರಳುತ್ತಿದ್ದಾಗ ರ್‍ಯಾಂಡ್ ಮತ್ತು ಆಯರ್ಸ್ಟ್ ಎಂಬ ಅಧಿಕಾರಿಗಳ ಮೇಲೆ ಇದೇ ರಸ್ತೆಯಲ್ಲಿ ಚಾಫೇಕರ ಸಹೋದರರು ಗುಂಡು ಹಾರಿಸಿದರು. ಇದು ಎಲ್ಲರಿಗೂ ಗೊತ್ತಿರುವ ಇತಿಹಾಸ.

ಇದನ್ನು ಓದಿದವರು ಕೆಲವರು ‘ಜನ ಅಜ್ಞಾನಿಗಳು, ಔಷಧದ ಬೆಲೆ ತಿಳಿಯದವರು’ ಎನ್ನುವುದುಂಟು. ಅದು ಪೂರ್ತಿ ನಿಜವಲ್ಲ. ಅದೇ ಪುಣೆಯ ಹೊರಗೆ, ಹಡಪಸರದ ಬಳಿ, ಸಾವಿತ್ರಿಬಾಯಿ ಫುಲೆಯವರೂ ಅವರ ದತ್ತುಮಗ ಡಾಕ್ಟರ್ ಯಶವಂತರೂ ಪ್ಲೇಗಿನ ರೋಗಿಗಳಿಗಾಗಿ ಚಿಕಿತ್ಸೆಯ ಕೇಂದ್ರ ತೆರೆದಿದ್ದರು. ಅಲ್ಲಿಗೆ ರೋಗಿಗಳು ಬಂದರು. ರೋಗ ತಗಲಿದ ಹುಡುಗನೊಬ್ಬನನ್ನು ಸಾವಿತ್ರಿಬಾಯಿ ತಾವೇ ಹೊತ್ತು ತಂದರು. ಅದೇ ರೋಗ ತಗಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ರೋಗ ಒಂದೇ, ಊರು ಒಂದೇ, ಜನರೂ ಅವರೇ. ಒಂದು ಕಡೆ ಬೂಟಿನ ಸದ್ದು. ಇನ್ನೊಂದು ಕಡೆ ಹೊತ್ತು ತರುವ ಕೈ. ಮಾತಿನ ಸತ್ಯಕ್ಕಿಂತ ಮೊದಲು ಜನ ಆ ಮಾತು ಹೇಳುವವನ ಕೈಯನ್ನು ನೋಡುತ್ತಾರೆ. ಇದು ಮೊದಲನೆಯ ಪಾಠ.

2. ಹುಬ್ಬಳ್ಳಿಯ ಲೆಕ್ಕ

ಈಗ ನಮ್ಮ ಕನ್ನಡ ನಾಡಿಗೆ ಬರೋಣ. 1897ರ ಜನವರಿ 10ರಂದು ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ತಾವು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅನ್ಯರ ಮೈಯಲ್ಲಿ ಪರೀಕ್ಷೆ ಮಾಡುವ ಮೊದಲು ತನ್ನ ಮೈಯನ್ನು ಒಡ್ಡಿದ್ದು ಸಣ್ಣ ಮಾತಲ್ಲ. ಮರುವರ್ಷ, 1898ರಲ್ಲಿ, ಆಗ ಮುಂಬಯಿ ಇಲಾಖೆಗೆ ಸೇರಿದ್ದ ಹುಬ್ಬಳ್ಳಿಗೆ ಪ್ಲೇಗು ಬಂತು. ಸುಮಾರು 50,000 ಜನರಿದ್ದ ಆ ಊರಿನಲ್ಲಿ ಬಹುಪಾಲು ಜನ ಈ ಸೂಜಿಯನ್ನು ಚುಚ್ಚಿಸಿಕೊಂಡರು.

ಪುಣೆಯಲ್ಲಿ ಅಷ್ಟು ವಿರೋಧ, ಹುಬ್ಬಳ್ಳಿಯಲ್ಲಿ ಇಷ್ಟು ಒಪ್ಪಿಗೆ. ಹುಬ್ಬಳ್ಳಿಯವರು ಪುಣೆಯವರಿಗಿಂತ ಹೆಚ್ಚು ಓದಿದವರಾಗಿದ್ದರೇ? ಅಲ್ಲ. ಅಲ್ಲಿ ಚುಚ್ಚಿಸಿಕೊಂಡವರು ಎಷ್ಟು ಮಂದಿ ಸತ್ತರು, ಚುಚ್ಚಿಸಿಕೊಳ್ಳದವರು ಎಷ್ಟು ಮಂದಿ ಸತ್ತರು ಎಂಬ ಲೆಕ್ಕವನ್ನು ವಾರವಾರಕ್ಕೆ ಇಡಲಾಗಿತ್ತು. ವಹಿ ನೋಡದವರಿಗೂ ಆ ಲೆಕ್ಕ ಓಣಿಯಲ್ಲಿ ಕಾಣುತ್ತಿತ್ತು: ಈ ಮನೆಯಲ್ಲಿ ಹೆಣ ಎದ್ದಿತು, ಆ ಮನೆಯಲ್ಲಿ ಏಳಲಿಲ್ಲ. ಎರಡನೆಯದಾಗಿ, ಚುಚ್ಚಿಸಿಕೊಂಡ ಚೀಟಿ ಇದ್ದವರಿಗೆ ಶಿಬಿರವಾಸದಿಂದ ವಿನಾಯಿತಿ ಸಿಗುತ್ತಿತ್ತು. ಎಂದರೆ ಹೊಸ ಮಾತನ್ನು ಒಪ್ಪಿದವನಿಗೆ ಮನೆ ಬಿಡುವ ಕಷ್ಟ ತಪ್ಪುತ್ತಿತ್ತು. ಕಣ್ಣಿಗೆ ಕಾಣುವ ಫಲ, ಒಪ್ಪಿದರೆ ಹಗುರವಾಗುವ ಬಾಳು ಎರಡೂ ಕೂಡಿದಾಗ ನಂಬಿಕೆಯ ಗಂಟು ಸಡಿಲಾಗುತ್ತದೆ.

ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಇದೇ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯು ತಗಲಿ ಸತ್ತರು. ಲಸಿಕೆಯ ಒಂದು ಬಾಟಲಿಗೆ ಮಲಿನ ಸೇರಿತ್ತು. ಹಾಫ್ಕಿನ್ನರ ಮೇಲೆ ಆರೋಪ ಬಂತು. ಅವರು ನಿರ್ದೋಷಿ ಎಂದು ಒಪ್ಪಲು 1907ರವರೆಗೆ ಕಾಲ ಹಿಡಿಯಿತು. ಇಂಥದೊಂದು ನಡೆದ ಮೇಲೆ ಆ ಸೀಮೆಯ ರೈತ ಸೂಜಿಗೆ ಹೆದರಿದರೆ ಅವನನ್ನು ಮೂಢನೆಂದು ಹೇಗೆ ಕರೆಯುವುದು? ಸಂದೇಹವೆಲ್ಲ ಮೂಢತನವಲ್ಲ. ಎಷ್ಟೋ ಸಲ ಅದು ನೆನಪು.

3. ಭಯಕ್ಕೆ ಒಂದು ಕಾರಣ ಬೇಕು

ಮನಶ್ಶಾಸ್ತ್ರದಲ್ಲಿ ಈ ವಿಷಯದ ಮೇಲೆ ಹೆಸರಾದ ಒಂದು ಸಿದ್ಧಾಂತದ ಬೇರು ನಮ್ಮ ದೇಶದಲ್ಲಿಯೇ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಆ ಬಳಿಕ ಹಬ್ಬಿದ ಗಾಳಿಸುದ್ದಿಗಳನ್ನು ಜಮುನಾ ಪ್ರಸಾದ್ ಎಂಬ ವಿದ್ವಾಂಸರು ಕೂಡಿಹಾಕಿದರು. ನೆಲ ನಡುಗಿದರೂ ಮನೆ ಬೀಳದೆ, ಸಾವು ಆಗದೆ ಉಳಿದ ಊರುಗಳಲ್ಲಿ ‘ಇನ್ನೂ ದೊಡ್ಡದು ಬರಲಿದೆ, ಪ್ರಳಯವಾಗಲಿದೆ’ ಎಂಬ ಸುದ್ದಿಗಳು ಹಬ್ಬಿದ್ದವು. ಮುಂದೆ ದುರ್ಗಾನಂದ ಸಿನ್ಹಾ ಎಂಬವರು ಡಾರ್ಜಿಲಿಂಗಿನಲ್ಲಿ ಗುಡ್ಡ ಕುಸಿದು ನಿಜವಾಗಿಯೇ ಹಾನಿಯಾದ ಕಡೆ ವಿಚಾರಿಸಿದರು. ಅಲ್ಲಿ ಇಂಥ ಭಯಂಕರ ಸುದ್ದಿಗಳು ಹಬ್ಬಿರಲಿಲ್ಲ.

ಅಮೆರಿಕದ ಲಿಯೋನ್ ಫೆಸ್ಟಿಂಗರ್ ಇದನ್ನು ಓದಿ ಯೋಚನೆಗೆ ಬಿದ್ದರು. ಹೆದರಿದವನಿಗೆ ಸಮಾಧಾನದ ಸುದ್ದಿ ಬೇಕಲ್ಲವೇ? ಅವನು ಹೆದರಿಕೆಯ ಸುದ್ದಿಯನ್ನೇ ಏಕೆ ಹುಡುಕಬೇಕು? ಅವರು ಕಂಡುಕೊಂಡ ಉತ್ತರ ಹೀಗಿದೆ: ಎದೆಯಲ್ಲಿ ನಡುಕವಿದೆ, ಸುತ್ತಮುತ್ತ ಹಾನಿ ಏನೂ ಕಾಣುತ್ತಿಲ್ಲ. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಮನಸ್ಸಿಗೆ ಈ ಅಸಂಗತಿ ಮುಳ್ಳಿನಂತೆ ಚುಚ್ಚುತ್ತದೆ. ಆಗ ಅದು ತನ್ನ ಭಯಕ್ಕೆ ತಕ್ಕ ಕಾರಣವನ್ನು ಹುಡುಕಿಕೊಳ್ಳುತ್ತದೆ. ಹಾನಿಯನ್ನು ಕಣ್ಣಾರೆ ಕಂಡವನಿಗೆ ಬೇರೆ ಕಾರಣ ಬೇಕಿಲ್ಲ. 1957ರಲ್ಲಿ ಫೆಸ್ಟಿಂಗರ್ ಇದನ್ನು ಬೆಳೆಸಿ ಒಂದು ಪುಸ್ತಕವನ್ನೇ ಬರೆದರು. ಮನಸ್ಸಿನಲ್ಲಿ ಎರಡು ಮಾತುಗಳು ಹೊಂದದೆ ಹೋದಾಗ ನಾವು ಸತ್ಯವನ್ನು ಹುಡುಕುವುದಕ್ಕಿಂತ ಮೊದಲು ಸಮಾಧಾನವನ್ನು ಹುಡುಕುತ್ತೇವೆ ಎಂಬುದು ಅದರ ಸಾರ. ಈ ಸಿದ್ಧಾಂತದ ಕೆಲವು ಹೆಸರಾಂತ ಪ್ರಯೋಗಗಳನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮಾಡಿ ನೋಡಿದಾಗ ಎಲ್ಲವೂ ಮೊದಲಿನ ಫಲವನ್ನೇ ಕೊಡಲಿಲ್ಲ. ಆದುದರಿಂದ ಇದನ್ನೂ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ನಮ್ಮ ನಮ್ಮ ಅನುಭವದ ಒರೆಗೆ ಹಚ್ಚಿ ನೋಡೋಣ.

4. ನಾವು ಮಡಚಿಟ್ಟ ಪತ್ರಿಕೆ

ಈಗ ನಮ್ಮ ಸ್ವಂತ ತಪ್ಪನ್ನು ಹೇಳಬೇಕು. 2016ರ ದೀಪಾವಳಿಗೆ ಬಂದ ಬೋನಸ್ಸಿನಲ್ಲಿ 15,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಹತ್ತು ಕೊಡುವ ಒಂದು ಯೋಜನೆಯಲ್ಲಿ ತೊಡಗಿಸಿದೆವು. ತಿಂಗಳಿಗೆ ತಪ್ಪದೆ 1,500 ಬಂತು. ನಮ್ಮ ಖೋಲಿಯ ಗೆಳೆಯರೊಬ್ಬರು ತಂಗಿಯ ಮದುವೆಗೆಂದು 40,000 ಕೂಡಿಸಿದ್ದರು. ಬ್ಯಾಂಕಿನಲ್ಲಿ ಇಟ್ಟರೆ ಏನು ಬೆಳೆಯುತ್ತದೆ ಎಂದು ಅವರನ್ನೂ ಸೇರಿಸಿದೆವು. ಅವರಿಗೆ ಎರಡು ತಿಂಗಳು ನಾಲ್ಕು ನಾಲ್ಕು ಸಾವಿರ ಬಂತು. ಆಮೇಲೆ ನಿಂತಿತು.

ಅದೇ ವಾರ ಈ ವಾಚನಾಲಯಕ್ಕೆ ಬಂದ ಪತ್ರಿಕೆಯಲ್ಲಿ ಬೇರೊಂದು ಊರಿನಲ್ಲಿ ಇಂಥದೇ ಯೋಜನೆಯವರು ಬೀಗ ಹಾಕಿ ಓಡಿದ ಸುದ್ದಿ ಇತ್ತು. ಅದನ್ನು ನಾವು ಓದಿದೆವು. ಓದಿ, ಆ ಪುಟ ಒಳಗೆ ಹೋಗುವಂತೆ ಪತ್ರಿಕೆಯನ್ನು ಮಡಚಿ ಕೆಳಗಿಟ್ಟೆವು. ಸುದ್ದಿ ತೋರಿಸಿದ ಇನ್ನೊಬ್ಬರ ಮೇಲೆ ರೇಗಿದೆವು. ‘ಹೊಸದಾಗಿ ತುಂಬಿದವರಿಗೆ ಹಳೆಯ ಬಾಕಿ ಮೊದಲು’ ಎಂದು ಏಜೆಂಟ ಹೇಳಿದಾಗ ಇನ್ನೂ 10,000 ತುಂಬಿದೆವು. ಗೆಳೆಯರು ಕೇಳಿದಾಗ ಮೊದಲಿಗಿಂತ ದೊಡ್ಡ ದನಿಯಲ್ಲಿ ‘ಏನೂ ಆಗೋದಿಲ್ಲ’ ಎಂದೆವು. ತಿಂಗಳೊಳಗೆ ಅಲ್ಲಿಯೂ ಬೀಗ ಬಿತ್ತು.

ನಾವು ದಡ್ಡರಾಗಿರಲಿಲ್ಲ, ದಿನವೆಲ್ಲ ಲೆಕ್ಕ ಬರೆಯುವವರು. ನೂರಕ್ಕೆ ಹತ್ತು ತಿಂಗಳ ಬಡ್ಡಿ ಯಾವ ವ್ಯಾಪಾರದಲ್ಲಿಯೂ ಹುಟ್ಟುವುದಿಲ್ಲವೆಂದು ಬೇರೆಯವರ ವಹಿಯಲ್ಲಾದರೆ ಕೂಡಲೇ ಕಾಣುತ್ತಿತ್ತು. ಆದರೆ ‘ನಾನು ಲೆಕ್ಕ ಬಲ್ಲವನು’ ಎಂಬ ಮಾತು ಒಂದು ಕಡೆ, ‘ಗೆಳೆಯನ ತಂಗಿಯ ಮದುವೆಯ ಹಣವನ್ನು ಮುಳುಗಿಸಿದೆ’ ಎಂಬ ಮಾತು ಇನ್ನೊಂದು ಕಡೆ. ಇವೆರಡೂ ಕೂಡಿ ಬಾಳಲಾರವು. ಎರಡನೆಯದನ್ನು ಒಪ್ಪಿಕೊಳ್ಳುವ ಬದಲು ಪತ್ರಿಕೆಯನ್ನು ಮಡಚುವುದು ಸುಲಭವಾಗಿತ್ತು. ನಾವು ಕಾಯುತ್ತಿದ್ದದ್ದು ಹಣವನ್ನಲ್ಲ, ನಮ್ಮ ಮಾನವನ್ನು.

ಆ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಉಳಿದ 32,000ವನ್ನು ತಿಂಗಳಿಗೆ 500ರಂತೆ 64 ತಿಂಗಳು ಪಗಾರದಿಂದ ತೀರಿಸಿದೆವು. ಹಣ ತೀರಿಸುವುದು ಅಷ್ಟು ಕಷ್ಟವಾಗಲಿಲ್ಲ. ಗೆಳೆಯರು ಒಂದು ದಿನ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಆ ಸುದ್ದಿಯನ್ನು ಕಂಡು, “ಇದು ಆವತ್ತ ಇಲ್ಲೇ ಇತ್ತೇನ್ರೀ?” ಎಂದು ಕೇಳಿದರು. ಇತ್ತು, ಮಡಚಿಟ್ಟವರು ನಾವೇ ಎಂದು ಹೇಳಲು ನಮಗೆ ಎರಡು ವರ್ಷ ಬೇಕಾಯಿತು.

5. ಕಾಕಾ ಮತ್ತು ಜೀಪು

ಇಷ್ಟು ಕಲಿತ ಮೇಲೂ ನಾವು ಮತ್ತೆ ಎಡವಿದೆವು. 2021ರ ಜನವರಿ 16ರಿಂದ ದೇಶದಲ್ಲಿ ಕೊರೋನಾ ಲಸಿಕೆ ಶುರುವಾಯಿತು. ಹೆಚ್ಚು ಜನರಿಗೆ ಹಾಕಿದ ಕೋವಿಶೀಲ್ಡ್ ತಯಾರಾದದ್ದು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಲ್ಲಿ, ಸಾವಿತ್ರಿಬಾಯಿಯವರು ಪ್ಲೇಗಿನ ರೋಗಿಗಳನ್ನು ನೋಡಿಕೊಂಡ ಅದೇ ಹಡಪಸರದಲ್ಲಿ. ನಮ್ಮಲ್ಲಿಗೆ ಬರುವ ವಿಜಯಪುರ ಕಡೆಯ ಗೌಂಡಿಯೊಬ್ಬರು, ಎಲ್ಲರೂ ಕಾಕಾ ಎನ್ನುವವರು, ಸೂಜಿ ಬೇಡವೆಂದು ಹಟ ಹಿಡಿದರು. ಎಲ್ಲರೆದುರಿಗೆ ಪತ್ರಿಕೆಯಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದೆವು. ಅವರು ತಲೆ ಅಲ್ಲಾಡಿಸಿದರು. ಕೊನೆಗೆ, “ಓದು ಬಾರದವರಿಗೆ ಹೇಳಿ ಏನು ಉಪಯೋಗ?” ಎಂದುಬಿಟ್ಟೆವು. ಕಾಕಾ ಟೊಪ್ಪಿಗೆ ತಲೆಗೆ ಇಟ್ಟುಕೊಂಡು ಎದ್ದು ಹೋದರು. ಆಮೇಲೆ ಬಹಳ ದಿನ ಇತ್ತ ಬರಲಿಲ್ಲ.

ಮಳೆಗಾಲದಲ್ಲಿ ಸಂಘದ ಹಿರಿಯರೊಬ್ಬರು ನಮ್ಮನ್ನು ಕರೆದುಕೊಂಡು ಅವರ ಖೋಲಿಗೆ ಹೋದರು. ಹಿರಿಯರು ಲಸಿಕೆಯ ಮಾತನ್ನೇ ಎತ್ತಲಿಲ್ಲ. ಊರು, ಮಳೆ, ಮೊಮ್ಮಕ್ಕಳು ಎಲ್ಲ ಮುಗಿದ ಮೇಲೆ, “ಸೂಜಿ ಅಂದ್ರ ನಿಮಗ ಏನು ನೆನಪಾಗ್ತದ?” ಎಂದಷ್ಟೇ ಕೇಳಿದರು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ಜೀಪು ನೆನಪಾಗ್ತದ್ರೀ. ನಾ ಹದಿಮೂರು ವರ್ಷದಾಂವ ಇದ್ದೆ. ಊರಾಗ ಜೀಪು ಬಂತಂದ್ರ ನಮ್ಮಪ್ಪ ಜ್ವಾಳದ ಹೊಲದಾಗ ಅಡಗತಿದ್ದ. ಒಂದಿನ ಸಂತಿಗೆ ಹೋದಾಂವ ಆಪರೇಷನ್ ಆಗೇ ಬಂದ. ಕೈಯಾಗ ರೊಕ್ಕ ಇಟ್ಟು ಕಳಿಸಿದ್ರು. ಆ ರೊಕ್ಕ ನಮ್ಮವ್ವ ಮುಟ್ಟಲಿಲ್ಲ.”

ತುರ್ತು ಪರಿಸ್ಥಿತಿಯ ಆ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಅವುಗಳಲ್ಲಿ ಬಲವಂತದಿಂದ ಆದವು ಬಹಳ. ನಾವು ಅಂಕಿ ಓದಿದ್ದೆವು, ಕಾಕಾ ಜೀಪನ್ನು ಕಂಡಿದ್ದರು. ನಾವು ಉತ್ತರ ಕೊಟ್ಟದ್ದು ಅವರು ಕೇಳದೆ ಇದ್ದ ಪ್ರಶ್ನೆಗೆ. ಅಂದು ಅವರ ಕೈ ಹಿಡಿದು ತಪ್ಪಾಯಿತೆಂದು ಹೇಳಿದೆವು.

ಹಿರಿಯರು, “ಈಗ ಯಾರೂ ಹಿಡಕೊಂಡು ಹೋಗಾಂಗಿಲ್ಲ. ಬ್ಯಾಡ ಅಂದ್ರ ಬಾಗಲದಿಂದ ತಿರುಗಿ ಬರೂಣು” ಎಂದರು. ಲಸಿಕೆಯಿಂದ ಅಪರೂಪಕ್ಕೆ ಕೆಲವರಿಗೆ ತೊಂದರೆ ಆಗುವುದುಂಟು ಎಂಬುದನ್ನೂ ಮುಚ್ಚಿಡಲಿಲ್ಲ. ಕಾಕಾ ಆ ದಿನ ಒಪ್ಪಲಿಲ್ಲ. ಹದಿನೈದು ದಿನದ ಮೇಲೆ, ಅವರ ಜೊತೆಗೆ ಕೆಲಸ ಮಾಡುವ ಅವರ ಊರಿನವನೇ ಒಬ್ಬ ಚುಚ್ಚಿಸಿಕೊಂಡು ಮರುದಿನ ಕೆಲಸಕ್ಕೆ ಬಂದದ್ದನ್ನು ಕಂಡು, ನಮ್ಮನ್ನು ಕರೆದುಕೊಂಡು ಹೋದರು. ಬರುವಾಗ, “ನಿಮ್ಮ ಸಲುವಾಗಿ ತಗೊಂಡೀನಿ ತಮ್ಮಾ, ನಂಬಿ ತಗೊಂಡಿಲ್ಲ” ಎಂದರು. ಮೂರು ತಿಂಗಳ ನಂತರ ಎರಡನೆಯ ಸೂಜಿಗೆ ಅವರೇ ಹೋದರು. ಹೆದರುತ್ತಿದ್ದ ಇಬ್ಬರು ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋದರು. ಮೊದಲು ಕೈ ನಡೆಯಿತು, ಮನಸ್ಸು ಹಿಂದಿನಿಂದ ಬಂತು.

6. ಹೊಸ ಸಂಶೋಧನೆ ಏನನ್ನುತ್ತದೆ

ಸಾಕ್ಷಿ ತೋರಿಸಿದರೆ ಜನ ತಮ್ಮ ತಪ್ಪು ನಂಬಿಕೆಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ ಎಂಬ ಮಾತು 2010ರ ಸುಮಾರಿಗೆ ಬಹಳ ಪ್ರಚಾರಕ್ಕೆ ಬಂತು. ಬಳಿಕ ಅಮೆರಿಕದಲ್ಲಿ ಇಬ್ಬರು ವಿದ್ವಾಂಸರು 10,100 ಜನರನ್ನು 52 ವಿಷಯಗಳ ಮೇಲೆ ಪರೀಕ್ಷಿಸಿ 2019ರಲ್ಲಿ ಫಲ ಪ್ರಕಟಿಸಿದರು. ಸರಿಯಾದ ಸಂಗತಿ ತಿಳಿಸಿದಾಗ ಜನ ಸಾಮಾನ್ಯವಾಗಿ ಸತ್ಯದ ಕಡೆಗೇ ಸರಿದರು. ಉಲ್ಟಾ ತಿರುಗಿದ್ದು ತೀರ ಕಡಿಮೆ. ಆದುದರಿಂದ ‘ಹೇಳಿ ಏನು ಉಪಯೋಗ?’ ಎಂಬ ನಮ್ಮ ಮಾತು ಒರಟಷ್ಟೇ ಅಲ್ಲ, ಸುಳ್ಳೂ ಹೌದು. ಹೇಳುವುದರಿಂದ ಉಪಯೋಗವಿದೆ. ಆದರೆ ಎಲ್ಲರೆದುರಿಗೆ ಅವಮಾನ ಮಾಡಿ ಹೇಳಿದರೆ ಕೇಳುವವನ ಕಿವಿಗೆ ಸಂಗತಿ ಬೀಳುವುದಿಲ್ಲ, ಅವಮಾನ ಬೀಳುತ್ತದೆ.

2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಮೆರಿಕದ ಮಯಾಮಿಯಲ್ಲಿ ನಡೆದದ್ದು. ಕಾರ್ಯಕರ್ತರು ಮನೆಗಳಿಗೆ ಹೋಗಿ, ಸುಮಾರು ಹತ್ತು ನಿಮಿಷ ಕೂತು, ವಾದ ಮಾಡದೆ, ‘ನಿಮ್ಮನ್ನು ಬೇರೆಯವರು ಕೀಳಾಗಿ ಕಂಡ ಸಂದರ್ಭ ಇದೆಯೇ?’ ಎಂಬಂಥ ಮಾತಿನಿಂದ ಅವರ ಅನುಭವವನ್ನೇ ನೆನಪು ಮಾಡಿಸಿದರು. ಲಿಂಗ ಬದಲಾದವರ ಬಗೆಗೆ ಆ ಮನೆಯವರಿಗಿದ್ದ ತಿರಸ್ಕಾರ ಕಡಿಮೆಯಾಯಿತು. ಮೂರು ತಿಂಗಳ ನಂತರವೂ ಆ ಬದಲಾವಣೆ ಉಳಿದಿತ್ತು. ನಮ್ಮ ಹಿರಿಯರು ಆ ಅಧ್ಯಯನವನ್ನು ಓದಿರಲಿಲ್ಲ. ಆದರೆ ಕಾಕಾನ ಖೋಲಿಯಲ್ಲಿ ಅವರು ಮಾಡಿದ್ದು ಅದನ್ನೇ.

ನಮ್ಮಂಥ ಊರು ಬಿಟ್ಟು ಬಂದವರಿಗೆ ಒಂದು ಮಾತನ್ನು ಸೇರಿಸಬೇಕು. ಪರಸ್ಥಳದಲ್ಲಿ ಖೋಲಿಯವರೇ ಬಳಗ. ಅವರೆಲ್ಲ ನಂಬಿದ್ದನ್ನು ಒಬ್ಬನೇ ಬಿಡುವುದೆಂದರೆ ಊಟದ ಪಂಕ್ತಿಯಿಂದ ಏಳುವ ಹಾಗೆ. ಆದುದರಿಂದ ಒಬ್ಬನ ನಂಬಿಕೆ ಬದಲಾಗಬೇಕಾದರೆ ಅವನಿಗೆ ಕೂಡಲು ಇನ್ನೊಂದು ಜಾಗ ಬೇಕು. ವಾಚನಾಲಯ ಅಂಥ ಜಾಗವಾಗಬೇಕೆಂದು ನಮ್ಮ ಆಸೆ. ಇಲ್ಲಿ ‘ನನ್ನ ಮಾತು ತಪ್ಪಿತ್ತು’ ಎಂದವನನ್ನು ಯಾರೂ ನಗಬಾರದು.

7. ವಹಿಯ ರೀತಿ

ಹಾಗೆಂದು ಗಾಳಿ ಬೀಸಿದ ಕಡೆಗೆಲ್ಲ ವಾಲುವುದು ಜಾಣತನವಲ್ಲ. ಬೆಳಿಗ್ಗೆ ಬಂದ ಸುದ್ದಿಗೆ ಒಂದು, ಸಂಜೆ ಬಂದದ್ದಕ್ಕೆ ಇನ್ನೊಂದು ಎನ್ನುವವನಿಂದ ಬಾಳು ಸಾಗದು. ನಂಬಿಕೆಗೆ ಭಾರ ಬೇಕು, ಬೀಗ ಬೇಡ. ಲೆಕ್ಕದ ವಹಿಯಲ್ಲಿ ತಪ್ಪು ನಮೂದು ಆದರೆ ನಾವು ಅದನ್ನು ಕೆರೆದು ಅಳಿಸುವುದಿಲ್ಲ, ಹಾಳೆ ಹರಿಯುವುದೂ ಇಲ್ಲ. ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಸಹಿ ಹಾಕುತ್ತೇವೆ. ಹಳೆಯದು ಕಾಣುತ್ತದೆ, ಹೊಸದೂ ಕಾಣುತ್ತದೆ, ತಿದ್ದಿದವನ ಹೆಸರೂ ಇರುತ್ತದೆ. ಅಂಥ ವಹಿಯನ್ನು ತಪಾಸಣೆಯವರು ನಂಬುತ್ತಾರೆ. ಒಂದೂ ತಿದ್ದುಪಡಿ ಇಲ್ಲದ ವಹಿಯನ್ನು ಕಂಡರೆ ಅವರಿಗೆ ಸಂಶಯ.

ಅಭ್ಯಾಸಕ್ಕೆ ಪ್ರಶ್ನೆಗಳು

(1) ಕಳೆದ ಐದು ವರ್ಷದಲ್ಲಿ ನೀವು ಬಿಟ್ಟ ಒಂದು ನಂಬಿಕೆ ಯಾವುದು? ಅದನ್ನು ಬಿಡಿಸಿದ್ದು ವಾದವೋ, ಅನುಭವವೋ, ಒಬ್ಬ ಮನುಷ್ಯನೋ?

(2) ನೀವು ಈಗ ಗಟ್ಟಿಯಾಗಿ ಹಿಡಿದಿರುವ ಒಂದು ಮಾತನ್ನು ತೆಗೆದುಕೊಳ್ಳಿರಿ. ಏನನ್ನು ಕಂಡರೆ ಅದನ್ನು ಬಿಟ್ಟೀರಿ? ‘ಏನನ್ನು ಕಂಡರೂ ಬಿಡೆ’ ಎಂಬುದು ಉತ್ತರವಾದರೆ, ನೀವು ಕಾಯುತ್ತಿರುವುದು ಸತ್ಯವನ್ನೋ ಮಾನವನ್ನೋ ಎಂದು ಕೇಳಿಕೊಳ್ಳಿರಿ.

(3) ನಿಮ್ಮ ಜೊತೆಗಾರನ ಹಟದ ಹಿಂದೆ ಒಂದು ಜೀಪು ಇದೆಯೇ? ಅವನನ್ನು ಎಂದಾದರೂ ಕೇಳಿದ್ದೀರಾ?

ಉತ್ತರ ಬರೆಯಬಯಸುವವರಿಗಾಗಿ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಹೆಸರು ಬರೆಯಬೇಕಾಗಿಲ್ಲ. ಮೊದಲನೆಯ ಪುಟದಲ್ಲಿ ನಮ್ಮ ಉತ್ತರವನ್ನು ಬರೆದಿದ್ದೇವೆ. ಆ ಪುಟವನ್ನು ಮಡಚಿಲ್ಲ.